ಟ್ಯೂನಾ ದೋಣಿಯ ಎರೆತೊಟ್ಟಿ

ಲಕ್ಷದ್ವೀಪದ ದಕ್ಷಿಣ ತುದಿಯ ಮಿನಿಕಾಯ್ ದ್ವೀಪದಲ್ಲಿ ಟ್ಯೂನಾ ಮೀನನ್ನು ಉದ್ದನೆಯ ಕೋಲಿಗೆ ಕಟ್ಟಿದ ಗಾಳದಿಂದ ಒಂದೊಂದಾಗಿ ಎತ್ತಿ ಹಿಡಿಯುತ್ತಾರೆ. ನೆರೆಯ ಮಾಲ್ದೀವ್ಸ್‌ನಲ್ಲೂ ಶತಮಾನಗಳಿಂದ ಇದೇ ಪದ್ಧತಿ. ಕೊಕ್ಕೆಗೆ ಹಿಂಮುಳ್ಳು ಇರುವುದಿಲ್ಲ, ಎರೆಯನ್ನೂ ಸಿಕ್ಕಿಸುವುದಿಲ್ಲ. ಎರೆ ಬೇಕಾಗುವುದು ಟ್ಯೂನಾ ಹಿಂಡನ್ನು ದೋಣಿಯ ಹಿಂಬದಿಗೆ ಸೆಳೆದು ಅಲ್ಲೇ ನಿಲ್ಲಿಸಿಕೊಳ್ಳಲು. ಅದಕ್ಕಾಗಿ ಬದುಕಿರುವ ಸಣ್ಣ ಮೀನುಗಳನ್ನು ಹಿಡಿಹಿಡಿಯಾಗಿ ಸಮುದ್ರಕ್ಕೆ ಎರಚುತ್ತಾರೆ. ಜೊತೆಗೆ ನೀರನ್ನೂ ಚಿಮ್ಮಿಸುತ್ತಾರೆ. ಸಣ್ಣ ಮೀನುಗಳ ದೊಡ್ಡ ಹಿಂಡೇ ಮೇಲ್ಮೈಯಲ್ಲಿ ಪುಟಿಯುತ್ತಿದೆ ಎಂದು ಟ್ಯೂನಾ ಮೋಸಹೋಗಿ, ಹೊಳೆಯುವ ಬರಿಯ ಕೊಕ್ಕೆಯನ್ನೂ ಕಚ್ಚುತ್ತದೆ.

ಎರೆ ಬದುಕಿಯೇ ಇರಬೇಕೆಂಬುದಕ್ಕೆ ಕಾರಣ ಇಲ್ಲಿದೆ. ಸತ್ತ ಮೀನು ತಳಕ್ಕೆ ಇಳಿಯುತ್ತದೆ, ಅದರ ಬೆನ್ನಿಗೆ ಟ್ಯೂನಾ ಹಿಂಡೂ ಕೆಳಗೆ ಹೋಗುತ್ತದೆ. ಬದುಕಿರುವ ಮೀನು ಆಸರೆ ಹುಡುಕುತ್ತ ದೋಣಿಯ ನೆರಳಿಗೇ ಮರಳಿ ಬರುತ್ತದೆ, ಅದನ್ನು ಅಟ್ಟಿಸಿಕೊಂಡು ಟ್ಯೂನಾವೂ ಗಾಳದ ಅಳತೆಯೊಳಗೆ ಬರುತ್ತದೆ. ತೊಟ್ಟಿಯ ಎರೆ ದಾರಿಯಲ್ಲೇ ಸತ್ತುಹೋದರೆ ಆ ದಿನದ ಮೀನುಗಾರಿಕೆ ಹಿಂಡು ಕಾಣುವ ಮೊದಲೇ ಮುಗಿದಂತೆ.

ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಾಗುವುದು ಸ್ಪ್ರ್ಯಾಟ್ ಜಾತಿಯ ಮೀನುಗಳು. ಬೂತಾಯಿಯ ದೂರದ ಬಂಧುಗಳಾದ ಇವು ಬೆರಳುದ್ದದವು, ಬೆಳ್ಳಿಯ ಬಣ್ಣದವು, ಕೆಲವೇ ತಿಂಗಳು ಬದುಕುವಂಥವು. ಟ್ಯೂನಾಕ್ಕೆ ಇವು ಬಲು ಇಷ್ಟ, ಆದರೆ ಸಾಗಿಸುವವರಿಗೆ ಇಷ್ಟು ನಾಜೂಕಿನ ಮೀನು ಬೇರೊಂದಿಲ್ಲ. ಬೆರಳು ತಾಗಿದರೆ ಸಾಕು, ಹುರುಪೆ ಉದುರುತ್ತದೆ. ಕಡಲಮೀನಿನ ರಕ್ತದ ಉಪ್ಪಿನಂಶ ಸಮುದ್ರದ ನೀರಿನ ಸುಮಾರು ಮೂರನೇ ಒಂದು ಪಾಲು ಮಾತ್ರ. ಹೀಗಾಗಿ ಅದರ ಮೈಯ ನೀರು ಸದಾ ಹೊರಗೆ ಸೋರಲು ನೋಡುತ್ತಿರುತ್ತದೆ. ಹುರುಪೆ ಮತ್ತು ಲೋಳೆಯ ಹೊದಿಕೆ ಅದನ್ನು ತಡೆಯುತ್ತವೆ. ಹೊದಿಕೆ ಕಿತ್ತುಹೋದ ಮೀನು ನೀರಿನೊಳಗೇ ಇದ್ದು, ಮೈಯ ನೀರು ಬತ್ತಿ ಸಾಯುತ್ತದೆ.

ಆದ್ದರಿಂದ ಎರೆಯ ಆಯುಷ್ಯ ನಿರ್ಧಾರವಾಗುವುದು ಬಹುಪಾಲು ಅದನ್ನು ಹಿಡಿಯುವ ಹೊತ್ತಿನಲ್ಲೇ. ಹವಳದ ದಿಬ್ಬಗಳು ಸುತ್ತುವರಿದ ಲಗೂನಿನ ತಿಳಿನೀರಿನಲ್ಲಿ ಸಣ್ಣ ಕಣ್ಣಿನ ಬಲೆಯನ್ನು ಮುಳುಗಿಸಿ, ಮೀನು ಮೇಲೆ ಬಂದು ಸೇರಿದಾಗ ನಾಲ್ಕೂ ಅಂಚು ಎತ್ತುತ್ತಾರೆ. ಬಲೆಯನ್ನು ಪೂರ್ತಿ ನೀರಿನಿಂದ ಎತ್ತಿದರೆ ಮೇಲಿನ ಮೀನಿನ ಭಾರ ಕೆಳಗಿನದನ್ನು ಹಿಸುಕುತ್ತದೆ. ಅನುಭವಿಗಳು ಬಲೆಯ ಹೊಟ್ಟೆ ನೀರಿನಲ್ಲೇ ಇರುವಂತೆ ಹಿಡಿದು, ಮೀನನ್ನು ನೀರಿನ ಸಮೇತ ಬಕೆಟ್ಟಿನಲ್ಲಿ ಮೊಗೆದು ತೊಟ್ಟಿಗೆ ಸಾಗಿಸುತ್ತಾರೆ. ಸುರಿಯುವುದೂ ಮೇಲಿನಿಂದ ಅಲ್ಲ. ಬಕೆಟ್ಟಿನ ಬಾಯನ್ನು ತೊಟ್ಟಿಯ ನೀರಿಗೆ ಮುಟ್ಟಿಸಿ ಓರೆ ಮಾಡಿದರೆ ಮೀನು ತಾನಾಗಿ ಈಜಿ ಹೊರಬೀಳುತ್ತದೆ. ಬಲೆಯೊಳಗೆ ಬಹಳ ಹೊತ್ತು ಒದ್ದಾಡಿದ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ಅಂಥದ್ದು ನೋಡಲು ಚೆನ್ನಾಗಿಯೇ ಇದ್ದು, ಕೆಲವು ತಾಸುಗಳ ಮೇಲೆ ಸಾಯುವುದುಂಟು. ಹಾಗೆ ಸತ್ತಾಗ ತೊಟ್ಟಿಯನ್ನು ದೂರುವುದು ಸಾಮಾನ್ಯ, ನಿಜವಾದ ತಪ್ಪು ಹಿಡಿದ ಕೈಯದ್ದು.

ಹಿಡಿದ ಎರೆಯನ್ನು ಕೂಡಲೇ ಬಳಸದಿದ್ದರೆ ಲಗೂನಿನಲ್ಲೇ ತೇಲುವ ಆವರಣದಲ್ಲಿ ಇರಿಸಿಕೊಳ್ಳಬಹುದು. ಜಪಾನಿನ ಟ್ಯೂನಾ ಹಡಗುಗಳು ತುಂಬಿಸಿಕೊಳ್ಳುವ ಕೊಳುತರು (ಆಂಚೊವಿ) ಮೀನನ್ನು ಹೀಗೆ ಹಲವು ದಿನ ಕೂಡಿಟ್ಟು ಪಳಗಿಸುವ ರೂಢಿಯಿದೆ. ಪೆಟ್ಟುಬಿದ್ದವು ಮೊದಲ ದಿನಗಳಲ್ಲೇ ಸತ್ತು, ಗಟ್ಟಿಯಾದವು ಮಾತ್ರ ಹಡಗು ಏರುತ್ತವೆ. ಹೊರಡುವ ಮುನ್ನ ಮೇವು ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಹೊಟ್ಟೆ ಖಾಲಿಯಿದ್ದರೆ ಮೀನು ಕಡಿಮೆ ಉಸಿರಾಡುತ್ತದೆ, ನೀರನ್ನೂ ಕಡಿಮೆ ಕೆಡಿಸುತ್ತದೆ.

25ರಿಂದ 30 ಅಡಿ ಉದ್ದದ ಲಕ್ಷದ್ವೀಪದ ದೋಣಿಯಲ್ಲಿ ಎರೆತೊಟ್ಟಿ ದೋಣಿಯ ಒಡಲಿನ ಭಾಗವೇ ಆಗಿರುತ್ತದೆ. ಅದರ ತಳ ಸಮುದ್ರದ ಮಟ್ಟಕ್ಕಿಂತ ಕೆಳಗೆ. ತಳದಲ್ಲಿ ತೂತುಗಳಿದ್ದು, ಬೇಡವೆಂದಾಗ ಅವನ್ನು ಮರದ ಬಿರಡೆಗಳಿಂದ ಮುಚ್ಚುತ್ತಾರೆ. ಬಿರಡೆ ತೆಗೆದರೆ ಸಮುದ್ರದ ನೀರು ಒಳಬಂದು ಹೊರಗಿನ ಮಟ್ಟಕ್ಕೆ ನಿಲ್ಲುತ್ತದೆ. ತೊಟ್ಟಿಯ ಗೋಡೆ ದೋಣಿಯ ಉಳಿದ ಭಾಗಕ್ಕೆ ನೀರು ದಾಟಗೊಡದ ಕಾರಣ ಮುಳುಗುವ ಭಯವಿಲ್ಲ. ದೋಣಿ ಓಡುವಾಗ ಕೆಲವು ತೂತುಗಳಿಂದ ಹೊಸ ನೀರು ನುಗ್ಗಿ ಇನ್ನು ಕೆಲವುಗಳಿಂದ ಹಳೆಯದು ಹೊರಹೋಗುತ್ತದೆ. ನಿಂತಾಗ ಅಲೆಯ ತೂಗಾಟವೇ ಅಷ್ಟಿಷ್ಟು ಬದಲಾಯಿಸುತ್ತದೆ. ಹಾಯಿದೋಣಿಗಳ ಕಾಲದಲ್ಲಿ ಮಾಲ್ದೀವ್ಸ್‌ನವರು ತೊಟ್ಟಿಯ ನೀರನ್ನು ಎಡೆಬಿಡದೆ ಮೊಗೆದು ಹೊರಚೆಲ್ಲುತ್ತ ಈ ಹರಿವನ್ನು ಕಾಪಾಡುತ್ತಿದ್ದರು. ಯಂತ್ರವೇನೂ ಇಲ್ಲದೆ ಉಸಿರಾಟದ ಸಮಸ್ಯೆಯನ್ನು ಬಗೆಹರಿಸಿದ ಈ ತೂತು-ಬಿರಡೆಯ ಏರ್ಪಾಡು ಕಡಲಿನ ಜನರ ಜಾಣ್ಮೆಗೆ ದೊಡ್ಡ ಸಾಕ್ಷಿ.

ಹರಿವು ಇಷ್ಟು ಮುಖ್ಯವಾಗುವುದು ಎರಡು ಕಾರಣಕ್ಕೆ. ಮೊದಲನೆಯದು ಆಮ್ಲಜನಕ. 20 ಡಿಗ್ರಿ ಸೆಲ್ಸಿಯಸ್‌ನ ಸಮುದ್ರದ ನೀರು ಲೀಟರಿಗೆ ಸುಮಾರು 7.4 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಹಿಡಿಯುವುದು 6.2ರಷ್ಟು. ನೀರು ಬಿಸಿಯಾದಂತೆ ಮೀನಿನ ಬೇಡಿಕೆಯಾದರೋ ಏರುತ್ತದೆ. ಬಿಸಿಲೇರಿದ ಹೊತ್ತಿನಲ್ಲಿ ನಿಂತ ನೀರಿನ ತೊಟ್ಟಿ ಮಾರಕವಾಗುವುದು ಹೀಗೆ. ಮೇಲೆ ನೆರಳು ಹೊದಿಸಲೇಬೇಕು. ಎರಡನೆಯದು ಅಮೋನಿಯಾ. ಮೀನು ತನ್ನ ಸಾರಜನಕದ ಕಸವನ್ನು ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ನೀರಿಗೇ ಬಿಡುತ್ತದೆ. ಗಾಳಿಯ ಪಂಪು ಗುಳ್ಳೆ ಎಬ್ಬಿಸಿ ಆಮ್ಲಜನಕ ಕೊಡಬಲ್ಲದು, ಅಮೋನಿಯಾವನ್ನು ಹೊರಹಾಕಲಾರದು. ಅದಕ್ಕೆ ನೀರೇ ಬದಲಾಗಬೇಕು.

ತೂತುಗಳಿಲ್ಲದ ಫೈಬರ್ ದೋಣಿಯಲ್ಲಿ 12 ವೋಲ್ಟ್ ಬ್ಯಾಟರಿಯ ಪಂಪಿನಿಂದ ನೀರು ತುಂಬಿಸಿ, ಮೇಲಿನ ಕೊಳವೆಯಿಂದ ಹೊರಬಿಡುತ್ತಾರೆ. ತೊಟ್ಟಿಯ ನೀರು ಗಂಟೆಗೆ ಐದಾರು ಬಾರಿಯಾದರೂ ಬದಲಾದರೆ ಚೆನ್ನ. 100 ಲೀಟರಿನ ತೊಟ್ಟಿಗೆ ಗಂಟೆಗೆ 500–600 ಲೀಟರು. ಹೊರಬಿಡುವ ಬಾಯಿಗೆ ಜಾಲರಿ ಬೇಕು. ಪಂಪಿನ ಹೀರುವ ಕೊಳವೆಯಲ್ಲಿ ಸಣ್ಣ ಬಿರುಕಿದ್ದು ಗಾಳಿ ಸೇರಿದರೆ, ಅದು ಒತ್ತಡದಲ್ಲಿ ನೀರಿನಲ್ಲಿ ಕರಗಿ ಮೀನಿನ ರಕ್ತದಲ್ಲಿ ಗುಳ್ಳೆಗಳಾಗಿ ಕೊಲ್ಲಬಹುದು. ತೊಟ್ಟಿಯ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಸ್ಪ್ರ್ಯಾಟ್ ನಿಲ್ಲದೆ ಈಜುವ ಮೀನು. ಚೌಕ ತೊಟ್ಟಿಯ ಮೂಲೆಯಲ್ಲಿ ಅದು ಒತ್ತೊತ್ತಾಗಿ ಸಿಕ್ಕಿಬೀಳುತ್ತದೆ, ದುಂಡನೆಯದರಲ್ಲಿ ಸುತ್ತುತ್ತಲೇ ಇರುತ್ತದೆ. ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್ ಎಂಬುದೂ ನೆನಪಿರಬೇಕು. ಅರ್ಧ ತುಂಬಿದ ತೊಟ್ಟಿಯ ನೀರು ಒಂದೇ ಪಕ್ಕಕ್ಕೆ ಹೊಯ್ದಾಡಿ ಸಣ್ಣ ದೋಣಿಯ ಸಮತೋಲ ಕೆಡಿಸುತ್ತದೆ.

ದಾರಿಯುದ್ದಕ್ಕೂ ತೊಟ್ಟಿಯ ಮೇಲೆ ಒಬ್ಬರ ಕಣ್ಣಿರಬೇಕು. ಮೀನು ಮೇಲ್ಮೈಗೆ ಬಂದು ಬಾಯಿ ತೆರೆದು ಗುಟುಕರಿಸಿದರೆ ಆಮ್ಲಜನಕ ಸಾಲದಾಗಿದೆ ಎಂದರ್ಥ. ಹಿಂಡು ಒಡೆದು ದಿಕ್ಕೆಟ್ಟು ಈಜಿದರೂ ನೀರು ಬದಲಿಸಬೇಕು, ಇಲ್ಲವೇ ಮೀನಿನ ಸಂಖ್ಯೆ ತಗ್ಗಿಸಬೇಕು. ಸತ್ತವನ್ನು ಆಗಿಂದಾಗಲೇ ತೆಗೆಯದಿದ್ದರೆ ಅವು ಕೊಳೆತು ಉಳಿದವನ್ನೂ ಕೊಲ್ಲುತ್ತವೆ. ಡೀಸೆಲ್ಲಿನ ಪಸೆ ಹತ್ತಿದ ಕೈಯನ್ನು ತೊಟ್ಟಿಗೆ ಅದ್ದುವಂತಿಲ್ಲ. ಜೋರು ಮಳೆಯಲ್ಲಿ ಮುಚ್ಚಳ ಹಾಕಬೇಕು, ಸಿಹಿನೀರು ಬೆರೆತರೆ ಉಪ್ಪಿನಂಶ ಏಕಾಏಕಿ ಕುಸಿಯುತ್ತದೆ.

ಸ್ಪ್ರ್ಯಾಟ್ ಸಿಗದ ದಿನಗಳಲ್ಲಿ ಹವಳದ ಕೊಂಬೆಗಳ ನಡುವೆ ಬದುಕುವ ನೀಲಿ-ಹಸಿರು ಡ್ಯಾಮ್ಸೆಲ್ ಮೀನು, ಕಾರ್ಡಿನಲ್ ಮೀನುಗಳನ್ನು ಬಳಸುವುದುಂಟು. ಇವನ್ನು ಹೊರತರಲು ಹವಳವನ್ನು ಮುರಿದರೆ ಮುಂದಿನ ವರ್ಷಗಳ ಎರೆಯೇ ಇಲ್ಲವಾಗುತ್ತದೆ. ಬೇಕಾದಷ್ಟೇ ಹಿಡಿದು, ಹಿಡಿದದ್ದನ್ನು ಸಾಯಗೊಡದೆ ಬಳಸುವುದೇ ಲಗೂನಿನ ಮೇಲಿನ ಹೊರೆ ತಗ್ಗಿಸುವ ಸುಲಭ ದಾರಿ. ಉಳಿದ ಎರೆಯನ್ನು ಮರಳಿದ ಮೇಲೆ ತೇಲುವ ಆವರಣಕ್ಕೆ ಬಿಟ್ಟರೆ ನಾಳೆಗೆ ಒದಗುತ್ತದೆ. ಖಾಲಿಯಾದ ತೊಟ್ಟಿಯನ್ನು ಸೋಪು ಮುಟ್ಟಿಸದೆ ಸಮುದ್ರದ ನೀರಿನಿಂದಲೇ ಉಜ್ಜಿ, ಲೋಳೆ ಹೋಗುವವರೆಗೆ ತೊಳೆದು ಒಣಗಿಸುತ್ತಾರೆ.