ಬಡಗಣ ದಿಕ್ಕಿನ ಉದ್ಯಾನ

ಬೆಂಗಳೂರು ಉದ್ಯಾನನಗರವೆಂಬ ಕೀರ್ತಿಯನ್ನು ಮುಖ್ಯವಾಗಿ ಎರಡು ತೋಟಗಳ ಪುಣ್ಯದಿಂದ ಸಂಪಾದಿಸಿತು. ಹೈದರಾಲಿಯು 1760ರಲ್ಲಿ ಆರಂಭಿಸಿದ, ಈಗ 240 ಎಕರೆಗಳಷ್ಟು ವಿಸ್ತಾರವಾಗಿರುವ ಲಾಲ್‌ಬಾಗು ಒಂದು. 1870ರಲ್ಲಿ ಸ್ಯಾಂಕಿಯವರ ಯೋಜನೆಯಂತೆ ಏರ್ಪಟ್ಟು, 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂಬ ಹೆಸರು ಪಡೆದರೂ ಜನರ ಬಾಯಲ್ಲಿ ಕಬ್ಬನ್ ಪಾರ್ಕಾಗಿಯೇ ಉಳಿದಿರುವುದು ಮತ್ತೊಂದು. ಆದರೆ ಹೆಬ್ಬಾಳವನ್ನು ದಾಟಿ ಯಲಹಂಕ, ಜಾಲ, ಬಾಗಲೂರುಗಳ ಕಡೆಗೆ ಬಂದವರಿಗೆ ಅಂತಹ ತೋಟವೊಂದೂ ಕಾಣದು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆದಂದಿನಿಂದ ಈ ಭಾಗದ ರಾಗಿಯ ಹೊಲಗಳೂ ದ್ರಾಕ್ಷಿಯ ತೋಟಗಳೂ ಬಡಾವಣೆಗಳಾಗಿ, ಉಗ್ರಾಣಗಳಾಗಿ, ಕಾರ್ಖಾನೆಗಳಾಗಿ ಮಾರ್ಪಡುತ್ತಲೇ ಬಂದಿವೆ. ಬಾಗಲೂರಿನ ಸಂಸಾರಸ್ಥನೊಬ್ಬನು ಹೆಂಡತಿ ಮಕ್ಕಳೊಡನೆ ಬಸ್ಸಿನಲ್ಲಿ ಲಾಲ್‌ಬಾಗನ್ನು ನೋಡಿಬರಬೇಕಾದರೆ ದಾರಿಯಲ್ಲಿಯೇ ಅರ್ಧ ದಿನ ಕಳೆಯುವುದು.

ಆದುದರಿಂದ ಯಲಹಂಕದ ಸಮೀಪದ ಮಾದಪ್ಪನಹಳ್ಳಿಯಲ್ಲಿ, ನೀಲಗಿರಿಯ ನೆಡುತೋಪಾಗಿದ್ದ 153 ಎಕರೆ ನೆಲದಲ್ಲಿ, ಲಾಲ್‌ಬಾಗಿಗೆ ಸಮನಾದ ಮಹೋದ್ಯಾನವನ್ನು ಏರ್ಪಡಿಸುವ ಯೋಜನೆಯನ್ನು 2025ರಲ್ಲಿ ಅರಣ್ಯ ಇಲಾಖೆಯವರು ಮುಂದಿಟ್ಟುದು ಸ್ವಾಗತಾರ್ಹವಾದ ಸಂಗತಿಯೇ ಸರಿ. ಉದ್ದೇಶವನ್ನು ಕುರಿತು ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಉದ್ಯಾನವನ್ನು ಮಾಡುವುದು ಬೇರೆ, ಅಲ್ಲಿಗೆ ಬಂದ ಜನರನ್ನು ಆದರಿಸುವುದು ಬೇರೆ. ನಮ್ಮ ದೇಶದಲ್ಲಿ ಮೊದಲನೆಯದಕ್ಕೆ ಹಣವೂ ಮೆರವಣಿಗೆಯೂ ಒದಗುತ್ತವೆ. ಎರಡನೆಯದನ್ನು ಗುತ್ತಿಗೆದಾರನ ಮರ್ಜಿಗೆ ಬಿಡುವುದು ವಾಡಿಕೆಯಾಗಿ ಹೋಗಿದೆ.

ಈ ಸೀಮೆಗೆ ಉದ್ಯಾನವೆಂಬುದು ಪರದೇಶದಿಂದ ಬಂದ ಹೊಸ ವಸ್ತುವಲ್ಲ. ಬೆಂಗಳೂರಿನ ಸುತ್ತಲಿನ ಊರೂರಿಗೂ ಒಂದು ಗುಂಡುತೋಪು ಇತ್ತು. ಮಾವು, ಹುಣಿಸೆ, ನೇರಳೆ, ಹಿಪ್ಪೆಗಳ ಆ ನೆರಳು ಇಡೀ ಊರಿನ ಸ್ವತ್ತು. ದಾರಿಹೋಕನು ಅಲ್ಲಿ ಗಂಟುಮೂಟೆಯನ್ನಿಳಿಸಿ ಬುತ್ತಿ ಬಿಚ್ಚುತ್ತಿದ್ದನು. ಬೇಸಗೆಯಲ್ಲಿ ಪುಣ್ಯವಂತರು ಅರವಟ್ಟಿಗೆಯಿಟ್ಟು ನೀರುಮಜ್ಜಿಗೆಯನ್ನು ಕೊಡುತ್ತಿದ್ದರು. ನೆರಳು, ನೀರು, ಕೂರಲು ಕಟ್ಟೆ, ಕೇಳುವವರಿಲ್ಲದ ಪ್ರವೇಶ, ಈ ನಾಲ್ಕೂ ಅಲ್ಲಿದ್ದುವು. ಅನೇಕ ಗುಂಡುತೋಪುಗಳು ಒತ್ತುವರಿಯಾಗಿ ಕಣ್ಮರೆಯಾದುವು. ಹೊಸ ಉದ್ಯಾನವು ಆ ನಷ್ಟವನ್ನು ಸ್ವಲ್ಪಮಟ್ಟಿಗಾದರೂ ತುಂಬಿಕೊಡಬೇಕೆಂಬುದು ನಮ್ಮ ಆಶಯ.

ಮೊದಲನೆಯದಾಗಿ ನೀರು ಮತ್ತು ಶೌಚಗೃಹಗಳ ಮಾತು. ಇದನ್ನು ಸಂಪಾದಕೀಯದಲ್ಲಿ ಬರೆಯಲು ಸಂಕೋಚಪಡುವ ಕಾಲವು ಹೋಯಿತು. ಶೌಚಗೃಹವು ಹೆಬ್ಬಾಗಿಲಿನಲ್ಲಿ ಮಾತ್ರವಿದ್ದರೆ ನೂರಾರು ಎಕರೆಯ ತೋಟದಲ್ಲಿ ಸ್ತ್ರೀಯರೂ ವೃದ್ಧರೂ ಎಳೆಮಕ್ಕಳೂ ಬಾಗಿಲ ಬಳಿಯಿಂದಲೇ ಹಿಂದಿರುಗಬೇಕಾಗುವುದು. ಸಾವಧಾನವಾಗಿ ನಡೆಯುವವರಿಗೆ ಐದು ನಿಮಿಷಕ್ಕೊಂದರಂತೆ ಅವು ದೊರೆಯಬೇಕು. ಒಂದೊಂದಕ್ಕೂ ಹೊಣೆಗಾರನಾದ ನೌಕರನಿರಬೇಕು. ಉದ್ಘಾಟನೆಯ ದಿನ ಥಳಥಳಿಸಿ ಆರನೆಯ ತಿಂಗಳಿಗೆ ಬೀಗ ಕಾಣುವ ಕಟ್ಟಡದಿಂದ ಪ್ರಯೋಜನವೇನು? ಪ್ಲಾಸ್ಟಿಕ್ ಚೀಲ ತಟ್ಟೆಗಳನ್ನು ನಮ್ಮ ರಾಜ್ಯವು 2016ರಲ್ಲಿಯೇ ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳನ್ನು ಭಾರತ ಸರ್ಕಾರವು 2022ರ ಜುಲೈ 1ರಿಂದ ತಡೆಯಿತು. ಬಾಗಿಲಲ್ಲಿ ಬಾಟಲಿಯನ್ನು ಕಸಿದುಕೊಳ್ಳುವ ಕಾವಲುಗಾರನು ಒಳಗೆ ಕುಡಿಯುವ ನೀರೆಲ್ಲಿದೆಯೆಂದು ತೋರಿಸಲು ಶಕ್ತನಾಗಿರಬೇಕಷ್ಟೆ. ಗಿಡಗಳಿಗಾದರೋ ಕೊಳವೆಬಾವಿಯನ್ನೇ ನಂಬಕೂಡದು. ನಗರದ ಶುದ್ಧೀಕರಿಸಿದ ನೀರನ್ನು ಮೂರನೆಯ ಹಂತದವರೆಗೆ ಸಂಸ್ಕರಿಸಿ, ಪರೀಕ್ಷಿಸಿ ಉಪಯೋಗಿಸಬೇಕು, ಮಳೆಯ ನೀರನ್ನು ಅಲ್ಲಿಯೇ ಇಂಗಿಸಬೇಕು.

ಎರಡನೆಯದು ಅಲ್ಲಿಗೆ ಹೋಗುವ ದಾರಿ. ನಂದಿಬೆಟ್ಟದ ಅನುಭವವು ನಮ್ಮ ಕಣ್ಣೆದುರಿಗಿದೆ. ವಾರದ ಕೊನೆಯ ದಿನಗಳಲ್ಲಿ ಸೂರ್ಯೋದಯವನ್ನು ನೋಡಬಯಸಿದವರ ವಾಹನಗಳು ಬೆಟ್ಟದ ತಪ್ಪಲಿನಲ್ಲಿ ಸಾಲುಗಟ್ಟಿ ನಿಂತು, ನೋಡಹೋದವರು ಹೊಗೆಯನ್ನೇ ನೋಡಿಬಂದುದುಂಟು. 2021ರ ಆಗಸ್ಟ್‌ನಲ್ಲಿ ಭಾರಿ ಮಳೆಗೆ ಗುಡ್ಡವು ಕುಸಿದು ರಸ್ತೆ ಕಡಿದುಹೋದಾಗ ಬೆಟ್ಟವನ್ನೇ ಮುಚ್ಚಬೇಕಾಯಿತು. ಒಂದೇ ದಾರಿಯನ್ನು ನಂಬಿದ ತಾಣದ ಗತಿ ಹೀಗೆಯೇ. ಹೊಸ ಉದ್ಯಾನಕ್ಕೆ ಯಲಹಂಕದಿಂದಲೂ ಬಾಗಲೂರಿನಿಂದಲೂ ದೊಡ್ಡಬಳ್ಳಾಪುರದಿಂದಲೂ ನೇರವಾಗಿ ಬಸ್ಸು ಬರಬೇಕು. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ನಮ್ಮ ತಾಯಂದಿರು ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ಚಿಂತೆಯಿಲ್ಲದೆ ಸಂಚರಿಸತೊಡಗಿದರು. ಆದರೆ ಬಸ್ಸೇ ಇಲ್ಲದ ದಾರಿಯಲ್ಲಿ ಉಚಿತ ಪ್ರಯಾಣಕ್ಕೆ ಅರ್ಥವಿಲ್ಲ. ಕಾರುಗಳನ್ನು ತೋಟದ ಅಂಚಿನಲ್ಲಿಯೇ ನಿಲ್ಲಿಸಿ, ಒಳಗೆ ಕಾಲ್ನಡಿಗೆಗೂ ಬೈಸಿಕಲ್ಲಿಗೂ ಮಾತ್ರ ಅವಕಾಶ ಕೊಡಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ಸುಗಮವಾಗಿರಬೇಕೆಂದು ವಿಧಿಸಿದೆ. ಹನ್ನೆರಡು ಅಡಿ ಉದ್ದಕ್ಕೆ ಒಂದು ಅಡಿಗಿಂತ ಹೆಚ್ಚು ಏರಿಲ್ಲದ ಇಳಿಜಾರನ್ನು ಆರಂಭದಲ್ಲಿಯೇ ಕಟ್ಟುವುದು ಸುಲಭ, ಕಟ್ಟಿದ ಮೆಟ್ಟಿಲನ್ನು ಆಮೇಲೆ ಒಡೆಯುವುದು ದುಬಾರಿ.

ಮೂರನೆಯದು ಮರಗಳ ವಿಚಾರ. ನೀಲಗಿರಿಯು ಈ ನಾಡಿಗೆ ಹೊಸದಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿಯೇ ನಂದಿಬೆಟ್ಟದಲ್ಲಿ ನೆಡಲಾಯಿತೆಂಬ ಪ್ರತೀತಿಯುಂಟು. ಅಂತರ್ಜಲದ ಚಿಂತೆಯಿಂದ ಸರ್ಕಾರವು 2017ರಲ್ಲಿ ಅದರ ಹೊಸ ನಾಟಿಯನ್ನು ನಿಷೇಧಿಸಿತು. ಹಾಗೆಂದು ಇರುವುದೆಲ್ಲವನ್ನೂ ಒಂದೇ ಸಲ ಕಡಿದು ನೆಲವನ್ನು ಬೋಳು ಮಾಡುವುದು ವಿವೇಕವಲ್ಲ. ತುಂಡುತುಂಡಾಗಿ ತೆಗೆಯುತ್ತ, ತೆಗೆದಲ್ಲೆಲ್ಲ ಹೊಂಗೆ, ಬೇವು, ಅತ್ತಿ, ಆಲ, ನೇರಳೆ, ಮುತ್ತುಗಗಳನ್ನು ನೆಟ್ಟರೆ ಹಕ್ಕಿಗಳಿಗೂ ನೆರಳಿಗೂ ಭಂಗ ಬಾರದು. ಕ್ರುಂಬಿಗಲ್ಲರು ಬೆಂಗಳೂರಿನ ಬೀದಿಗಳಲ್ಲಿ ಒಂದರ ಹೂ ಮುಗಿಯುವಾಗ ಇನ್ನೊಂದರ ಹೂ ಅರಳುವಂತೆ ಸಾಲುಮರಗಳನ್ನು ಯೋಚಿಸಿದರು. ಆ ಬುದ್ಧಿವಂತಿಕೆಗೆ ಹೆಚ್ಚಿನ ಹಣ ಬೇಕಾಗಿರಲಿಲ್ಲ, ವರ್ಷಗಳ ಮುಂದಾಲೋಚನೆ ಮಾತ್ರ ಬೇಕಾಗಿತ್ತು. ತೋಟದ ಒಂದು ಭಾಗದೊಳಗೆ ಮನುಷ್ಯರಿಗೆ ದಾರಿಯನ್ನೇ ಮಾಡದೆ ಪಶುಪಕ್ಷಿಗಳಿಗೆ ಬಿಟ್ಟುಕೊಡಬೇಕೆಂದೂ ನಾವು ಸೂಚಿಸುತ್ತೇವೆ. ಬಣ್ಣದ ದೀಪಗಳು, ಕುಣಿಯುವ ಕಾರಂಜಿಗಳು, ಸಿಮೆಂಟಿನ ಆನೆ ಹುಲಿಗಳು ಇವೆಲ್ಲ ಎಲ್ಲಿಯೂ ದೊರೆಯುತ್ತವೆ. ಸಂಜೆಯ ಹೊತ್ತು ಕತ್ತಲೆಯಾಗುವ ಮರದ ನೆರಳು ದೊರೆಯುವುದು ಅಪರೂಪ.

ಇನ್ನು ಹಣದ ಪ್ರಶ್ನೆ. ಇಷ್ಟೆಲ್ಲಕ್ಕೂ ದುಡ್ಡೆಲ್ಲಿಂದ ಬರಬೇಕೆಂದು ಅಧಿಕಾರಿಗಳು ಕೇಳುವುದು ನ್ಯಾಯವೇ. ಆದರೆ ಉತ್ತರವು ಬಡವನ ಟಿಕೆಟ್ಟಿನಲ್ಲಿ ಇರಕೂಡದು. ಲಾಲ್‌ಬಾಗಿನಲ್ಲಿ ಬೆಳಗಿನ ವಾಯುವಿಹಾರಿಗಳಿಗೆ ಶುಲ್ಕವಿಲ್ಲದೆ ಬಾಗಿಲು ತೆರೆಯುವ ಪದ್ಧತಿಯಿದೆ. ಅದು ಇಲ್ಲಿಯೂ ಬೇಕು, ಸುತ್ತಲ ಹಳ್ಳಿಗಳವರಿಗೂ ಶಾಲೆಯ ಮಕ್ಕಳಿಗೂ ದಿನವಿಡೀ ಉಚಿತವಿರಬೇಕು. ವಾಹನ ನಿಲ್ಲಿಸುವವರಿಂದಲೂ ವಿವಾಹದ ಛಾಯಾಚಿತ್ರಗಳನ್ನು ತೆಗೆಸಿಕೊಳ್ಳುವವರಿಂದಲೂ ಪುಷ್ಪಪ್ರದರ್ಶನದಂತಹ ವಿಶೇಷ ಸಂದರ್ಭಗಳಿಂದಲೂ ಬರುವ ಉತ್ಪನ್ನವನ್ನು ಖಜಾನೆಗೆ ಸೇರಿಸದೆ ಆ ತೋಟಕ್ಕೇ ಮೀಸಲಿಟ್ಟು, ಜಮಾಖರ್ಚನ್ನು ಪ್ರತಿವರ್ಷವೂ ಬಾಗಿಲಲ್ಲಿ ತೂಗುಹಾಕಲಿ. ಕಡಲೆಕಾಯಿ, ಎಳನೀರು, ಸೌತೆಕಾಯಿ ಮಾರುವವರನ್ನು ಅಟ್ಟುವುದರ ಬದಲು, 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯ ಆಶಯದಂತೆ ಅವರಿಗೆ ಗೊತ್ತಾದ ಸ್ಥಳ ಕೊಡಲಿ. ಒಬ್ಬನೇ ದೊಡ್ಡ ಗುತ್ತಿಗೆದಾರನ ಉಪಾಹಾರಗೃಹಕ್ಕಿಂತ ಬಾಗಲೂರಿನ, ಯಲಹಂಕದ ಹತ್ತು ಸಂಸಾರಗಳ ಜೀವನವು ಅದರಿಂದ ನಡೆಯುವುದು.

ಕೊನೆಯದಾಗಿ, ಮಿಕ್ಕೆಲ್ಲಕ್ಕಿಂತಲೂ ಮುಖ್ಯವಾಗಿ, ಕಾನೂನಿನ ರಕ್ಷಣೆ. ಕಬ್ಬನ್ ಪಾರ್ಕು ಲಾಲ್‌ಬಾಗುಗಳಿಗಾಗಿ 1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣೆಯ ಕಾಯಿದೆಯನ್ನು ಮಾಡಬೇಕಾಯಿತು. ಏಕೆಂದರೆ ನಗರದ ನಡುವೆ ಬಯಲಾಗಿರುವ ನೆಲವು ಪ್ರತಿಯೊಂದು ಇಲಾಖೆಯ ಕಣ್ಣಿಗೂ ಪುಕ್ಕಟೆಯಾಗಿ ಸಿಕ್ಕುವ ನಿವೇಶನವಾಗಿ ತೋರುತ್ತದೆ. ಕಾಯಿದೆಯಿದ್ದೂ 2025ರಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗಿನ ಸುರಂಗರಸ್ತೆಯ ಯೋಜನೆಯಲ್ಲಿ ಲಾಲ್‌ಬಾಗಿನ ನೆಲದ ಮಾತೆದ್ದಾಗ ಮಹಾಜನರು ಬೀದಿಗಿಳಿಯಬೇಕಾಯಿತು. ಕಾಯಿದೆಯ ಬಲವಿರುವ ತೋಟದ ಪಾಡೇ ಹೀಗಾದರೆ, ಆ ಬಲವಿಲ್ಲದ ತೋಟವನ್ನು ಮುಂದೆ ಯಾರು ಕಾಯುವರು? ವಿಮಾನನಿಲ್ದಾಣದ ದಾರಿಯಲ್ಲಿ ನೆಲದ ಬೆಲೆ ಏರುತ್ತಿರುವಾಗ ಈ ಎಚ್ಚರಿಕೆಯನ್ನು ಹುಟ್ಟಿದಂದೇ ತೆಗೆದುಕೊಳ್ಳತಕ್ಕದ್ದು. ನೆಲವನ್ನು ಬೇರೊಂದು ಉದ್ದೇಶಕ್ಕೆ ತಿರುಗಿಸದಂತೆ ಶಾಸನಬದ್ಧವಾಗಿ ಕಟ್ಟಿ, ನಕ್ಷೆಯನ್ನು ಗ್ರಾಮಸಭೆಗಳ ಮುಂದಿಟ್ಟು, ಸಸ್ಯಶಾಸ್ತ್ರಜ್ಞರೂ ಊರಿನ ಪ್ರತಿನಿಧಿಗಳೂ ಸ್ತ್ರೀಯರೂ ಇರುವ ಸಮಿತಿಯೊಂದಕ್ಕೆ ಮೇಲ್ವಿಚಾರಣೆಯನ್ನು ಒಪ್ಪಿಸಬೇಕು.

ಸರ್ಕಾರಕ್ಕೆ ಇಷ್ಟು ಹೇಳಿದ ಮೇಲೆ ಸಾರ್ವಜನಿಕರಿಗೂ ಒಂದು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ಬೆಂಚಿನ ಮೇಲೆ ಹೆಸರು ಕೆತ್ತುವ ಕೈಯೂ ಕೆರೆಗೆ ಎಲೆಯಡಿಕೆ ಉಗುಳುವ ಬಾಯಿಯೂ ನಮ್ಮವೇ. ಪರರ ಆಳ್ವಿಕೆಯಲ್ಲಿ ತೋಟವು ದೊರೆಯದಾಗಿತ್ತು, ನಾವು ಅದರಲ್ಲಿ ಅತಿಥಿಗಳಾಗಿದ್ದೆವು. ಸ್ವರಾಜ್ಯದಲ್ಲಿ ತೋಟ ನಮ್ಮದು. ಅದರ ಕಸವೂ ನಮ್ಮದೇ. ಈ ಅರಿವು ಜನರಲ್ಲಿಯೂ, ಬಂದವರು ಬೇಡಿ ಬಂದವರಲ್ಲ, ಒಡೆಯರಾಗಿ ಬಂದವರೆಂಬ ಅರಿವು ಅಧಿಕಾರಿಗಳಲ್ಲಿಯೂ ಮೂಡಿದರೆ, ಬಡಗಣ ದಿಕ್ಕಿನ ಈ ಉದ್ಯಾನವು ನಮ್ಮ ಮೊಮ್ಮಕ್ಕಳಿಗೂ ನೆರಳು ಕೊಡುವುದೆಂದು ನಾವು ನಂಬುತ್ತೇವೆ.