ಹಗೇವಿನ ರಾಗಿಯೂ ಅದರ ಲೆಕ್ಕವೂ

ಹಳೆಯ ಮೈಸೂರು ಸೀಮೆಯ ಬಯಲು ಪ್ರದೇಶದಲ್ಲಿ ರಾಗಿಯನ್ನು ಹಗೇವಿನಲ್ಲಿ ಹಾಕಿಡುವ ಪದ್ಧತಿಯು ಬಹು ಪುರಾತನವಾದುದು. ನೀರು ನಿಲ್ಲದ ಗಟ್ಟಿನೆಲದಲ್ಲಿ, ಬಾಯಿ ಕಿರಿದಾಗಿಯೂ ಒಡಲು ವಿಶಾಲವಾಗಿಯೂ ಇರುವಂತೆ ಗುಳಿಯನ್ನು ತೋಡಿ, ಒಣಹುಲ್ಲನ್ನು ಹಾಸಿ, ಧಾನ್ಯವನ್ನು ತುಂಬಿ, ಬಾಯಿಗೆ ಚಪ್ಪಡಿಯನ್ನಿಟ್ಟು ಮಣ್ಣಿನಿಂದ ಮೆತ್ತುತ್ತಿದ್ದರು. ಚೆನ್ನಾಗಿ ಒಣಗಿದ ರಾಗಿಯು ಅದರಲ್ಲಿ ಅನೇಕ ವರ್ಷಗಳು ಕೆಡದೆ ಉಳಿಯುತ್ತಿತ್ತು. 1876ರಿಂದ 1878ರವರೆಗಿನ ಧಾತು ಈಶ್ವರ ಕ್ಷಾಮವು ಒಂದೇ ವರ್ಷಕ್ಕೆ ಮುಗಿಯದೆ ಹೋದುದನ್ನು ನೆನೆದರೆ, ಒಂದು ಬೆಳೆಯನ್ನು ಮಾತ್ರ ನಂಬಿ ಕೂರುವುದು ಎಷ್ಟು ಅಪಾಯಕರವೆಂಬುದು ತಿಳಿಯುವುದು.

ಈಗ ಹಗೇವುಗಳು ವಿರಳವಾಗಿ, ಅವುಗಳ ಸ್ಥಾನಕ್ಕೆ ತಗಡಿನ ಕಣಜಗಳೂ ಚೀಲಗಳೂ ಬಂದಿವೆ. ಸಂಗ್ರಹವು ಯಾವುದರಲ್ಲಿದ್ದರೂ ನಷ್ಟವು ಹುಳುವಿನಿಂದ ಮಾತ್ರವಲ್ಲದೆ ಲೆಕ್ಕವಿಲ್ಲದಿರುವುದರಿಂದಲೂ ಉಂಟಾಗುವುದು. ಹಳೆಯದರ ಮೇಲೆಯೇ ಹೊಸದನ್ನು ಸುರಿಯುವ ಮನೆಗಳಲ್ಲಿ ತಳದ ಧಾನ್ಯವು ಯಾವ ವರ್ಷದ್ದೆಂಬುದು ಯಜಮಾನನಿಗೇ ತಿಳಿಯದು. ಆದಕಾರಣ ಒಂದೊಂದು ಕಣಜಕ್ಕೂ ಸಂಖ್ಯೆಯನ್ನು ಬರೆದು, ಧಾನ್ಯ, ತಳಿ, ಬೆಳೆದ ವರ್ಷ, ತುಂಬಿದ ತೇದಿ, ಅಳತೆ ಇವನ್ನು ಒಂದು ಪುಸ್ತಕದಲ್ಲಿ ನಮೂದಿಸತಕ್ಕದ್ದು. ತೆಗೆದಾಗಲೆಲ್ಲ ಖರ್ಚು ಬರೆದು ಬಾಕಿಯನ್ನು ಕಟ್ಟತಕ್ಕದ್ದು. ದಿನಕ್ಕೆ 2 ಸೇರು ರಾಗಿ ಬೇಕಾಗುವ ಮನೆಗೆ ವರ್ಷಕ್ಕೆ 730 ಸೇರು, ಎಂದರೆ ಹಳೆಯ ಅಳತೆಯಲ್ಲಿ 7 ಪಲ್ಲ 30 ಸೇರು ಸಲ್ಲುವುದು. ಬಾಕಿಯು ಇದಕ್ಕಿಂತ ಇಳಿಯುವ ಮೊದಲೇ ಮಾರಾಟವನ್ನು ನಿಲ್ಲಿಸುವ ವಿವೇಕವು ಪುಸ್ತಕವಿಲ್ಲದೆ ಬರಲಾರದು. ಬಿತ್ತನೆಯ ಬೀಜವನ್ನು ಈ ಬಾಕಿಗೆ ಸೇರಿಸಕೂಡದು. ಅದಕ್ಕೆ ಬೇರೆ ಪಾತ್ರೆ, ಬೇರೆ ಪುಟ. ಅವರೆ, ತೊಗರಿಗಳನ್ನಂತೂ ರಾಗಿಯಂತೆ ನಂಬಲಾಗದು. ತಿಂಗಳಿಗೊಮ್ಮೆಯಾದರೂ ಕಾಳನ್ನು ಕೈಗೆ ತೆಗೆದು ತೂತು ಬಿದ್ದಿದೆಯೇ ಎಂದು ನೋಡಬೇಕು. ರಾಗಿಯನ್ನು ತುಂಬುವಾಗ ತೇವವು ನೂರಕ್ಕೆ 12 ಭಾಗವನ್ನು ಮೀರಬಾರದು.

ಹಗೇವು ಇನ್ನೂ ಇರುವ ಊರುಗಳ ಮುಖಂಡರು ಒಂದು ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ಮುಚ್ಚಿದ ಹಗೇವಿನಲ್ಲಿ ಧಾನ್ಯದ ಉಸಿರಾಟದಿಂದ ಇಂಗಾಲಾಮ್ಲ ವಾಯುವು ತುಂಬಿ ಪ್ರಾಣವಾಯುವು ಕುಗ್ಗುವುದು. ಬಾಯಿ ತೆರೆದೊಡನೆ ಇಳಿದವರೂ, ಅವರನ್ನೆತ್ತಲು ಹಿಂದೆಯೇ ಇಳಿದವರೂ ಮಡಿದುದುಂಟು. ದೀಪವನ್ನು ಇಳಿಬಿಟ್ಟು ನೋಡುವುದು ಹಿಂದಿನವರ ಪರೀಕ್ಷೆ. ದೀಪವು ನಂದಿದರೆ ಅಪಾಯವು ನಿಶ್ಚಯ. ಆದರೆ ಉರಿದ ಮಾತ್ರಕ್ಕೆ ಕ್ಷೇಮವೆಂದು ತಿಳಿಯತಕ್ಕದ್ದಲ್ಲ. ಯಂತ್ರದಿಂದ ಹೊಸ ಗಾಳಿಯನ್ನು ಬಹಳ ಹೊತ್ತು ಊದಿಸದೆ, ಸೊಂಟಕ್ಕೆ ಹಗ್ಗ ಕಟ್ಟದೆ, ಮೇಲೆ ಇಬ್ಬರು ನಿಲ್ಲದೆ ಯಾರನ್ನೂ ಇಳಿಸಕೂಡದು. ಒಳಗೆ ಒಬ್ಬನು ಮೂರ್ಛೆಹೋದರೆ ಹಗ್ಗದಿಂದ ಮೇಲಕ್ಕೆಳೆಯಬೇಕೇ ಹೊರತು ಇನ್ನೊಬ್ಬನು ಇಳಿಯಬಾರದು. ಕೂಡಲೇ ಅಗ್ನಿಶಾಮಕ ದಳಕ್ಕೆ ತಿಳಿಸಬೇಕು. ಹಗೇವನ್ನು ತೆರೆದ ದಿನವನ್ನೂ, ಇಳಿದವನ ಹೆಸರನ್ನೂ, ಹಗ್ಗ ಹಿಡಿದವರ ಹೆಸರುಗಳನ್ನೂ ರಾಗಿಯ ಲೆಕ್ಕದ ಪುಸ್ತಕದಲ್ಲಿಯೇ ಮೊದಲು ಬರೆದು, ಆಮೇಲೆ ಚಪ್ಪಡಿಯನ್ನು ಸರಿಸುವುದು ಯುಕ್ತ.