ಕಡಲಿನ ಶಾರ್ಕ್, ಗಿರಿಯ ಆಡು

ಬೆಳ್ತಂಗಡಿಯ ಮೂಡಣ ದಿಕ್ಕಿನಲ್ಲಿ ಕುದುರೆಮುಖದ ಗಿರಿಶ್ರೇಣಿ ಕೋಟೆಯ ಗೋಡೆಯಂತೆ ನಿಂತಿದೆ. ಅಲ್ಲಿ ಹುಟ್ಟುವ ನೇತ್ರಾವತಿಯು ಬಂಟ್ವಾಳವನ್ನು ಹಾದು ಮಂಗಳೂರಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಆ ಸಮುದ್ರದ ಮೀನು ಮೂಡುಬಿದಿರೆಯ ಮಾರುಕಟ್ಟೆಗೂ ಬರುತ್ತದೆ. ಹೀಗೆ ಬೆಟ್ಟವೂ ಕಡಲೂ ಈ ಸೀಮೆಯವರಿಗೆ ನೆರೆಹೊರೆಯೇ ಆಗಿವೆ. ಇದೇ ಪಶ್ಚಿಮಘಟ್ಟವು ದಕ್ಷಿಣಕ್ಕೆ ಸಾಗಿ ತಮಿಳುನಾಡು, ಕೇರಳಗಳನ್ನು ಮುಟ್ಟುವಲ್ಲಿ ನೀಲಗಿರಿ ಥಾರ್ ಎಂಬ ಕಾಡು ಆಡು ಬಾಳುತ್ತಿದೆ. ಇದೇ ಅರಬ್ಬೀ ಸಮುದ್ರದಲ್ಲಿ ತಿಮಿಂಗಿಲ ಶಾರ್ಕ್ ಸಂಚರಿಸುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ತೋರುವ ಈ ಎರಡು ಜೀವಿಗಳನ್ನು ಹೋಲಿಸಿ ನೋಡೋಣ.

ಹೆಸರನ್ನು ನಂಬಿದರೆ ಎರಡರ ವಿಷಯದಲ್ಲೂ ಮೋಸಹೋಗುತ್ತೇವೆ. ತಿಮಿಂಗಿಲವು ಮರಿಗೆ ಹಾಲೂಡಿಸುವ ಸಸ್ತನಿ; ತಿಮಿಂಗಿಲ ಶಾರ್ಕ್ ಆದರೋ ಕಿವಿರುಗಳಿಂದ ಉಸಿರಾಡುವ ಮೀನು. 12 ಮೀಟರಿಗೂ ಮಿಗಿಲಾಗಿ ಬೆಳೆಯಬಲ್ಲ ಇದು ಮೀನುಗಳಲ್ಲೆಲ್ಲ ದೊಡ್ಡದು. ಆದರೂ ಇದರ ದೇಹದಲ್ಲಿ ಗಟ್ಟಿಯಾದ ಮೂಳೆಯಿಲ್ಲ, ಮೃದ್ವಸ್ಥಿ ಮಾತ್ರ ಇದೆ. ಶಾರ್ಕ್ ಎಂದೊಡನೆ ನೆನಪಾಗುವ ಕ್ರೌರ್ಯವೂ ಇದಕ್ಕಿಲ್ಲ. ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನೂ ಕಿರುಮೀನುಗಳನ್ನೂ ಸೋಸಿ ತಿಂದು ಬದುಕುತ್ತದೆ. ಇತ್ತ ಥಾರನ್ನು ತಮಿಳರು 'ವರೈಯಾಡು' ಎಂದು ಕರೆಯುತ್ತಾರೆ. ಎತ್ತರದ ಹುಲ್ಲುಗಾವಲಿನಲ್ಲಿ ಮೇಯುವ ಈ ಪ್ರಾಣಿಯು ಅಪಾಯ ಕಂಡೊಡನೆ ಕಡಿದಾದ ಬಂಡೆಗಳನ್ನು ಲೀಲಾಜಾಲವಾಗಿ ಏರುತ್ತದೆ. ಆದರೆ ಇದು ಆಡಿಗಿಂತಲೂ ಕುರಿಗೆ ಹತ್ತಿರದ ಬಂಧುವೆಂದು 2005ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವು ತಿಳಿಸಿತು.

ಸಂತಾನದ ಲೆಕ್ಕದಲ್ಲಿ ಇವೆರಡಕ್ಕೂ ಅಜಗಜಾಂತರವಿದೆ. ಹೆಣ್ಣು ಥಾರ್ ಸುಮಾರು 6 ತಿಂಗಳು ಗರ್ಭ ಧರಿಸಿ ಸಾಮಾನ್ಯವಾಗಿ ಒಂದೇ ಮರಿಯನ್ನು ಹೆರುತ್ತದೆ. 1995ರಲ್ಲಿ ತೈವಾನಿನ ಬಳಿ ಸಿಕ್ಕಿದ ಒಂದು ತಿಮಿಂಗಿಲ ಶಾರ್ಕಿನ ಗರ್ಭದಲ್ಲಿಯಾದರೋ ಸುಮಾರು 300 ಮರಿಗಳಿದ್ದವು. ಹಾಗಾದರೆ ಶಾರ್ಕಿಗೆ ಅಳಿವಿನ ಭಯವಿಲ್ಲವೇ? ಇದೆ. ಥಾರ್ ಕೆಲವೇ ವರ್ಷಗಳಲ್ಲಿ ಪ್ರಾಯಕ್ಕೆ ಬರುತ್ತದೆ; ಶಾರ್ಕ್ ಪ್ರಾಯಕ್ಕೆ ಬರಲು ದಶಕಗಳೇ ಬೇಕು. ಮರಿ ಹಾಕುವ ಮೊದಲೇ ಅದು ಸತ್ತರೆ ಅದರ ಸ್ಥಾನವನ್ನು ತುಂಬುವವರಾರು? ಒಂದಕ್ಕೆ ಮರಿಗಳ ಕೊರತೆ, ಇನ್ನೊಂದಕ್ಕೆ ಕಾಲದ ಕೊರತೆ.

ಈ ಕೊರತೆಯನ್ನು ಅರಿಯದೆ ಮನುಷ್ಯನು ಎರಡನ್ನೂ ಬೇಟೆಯಾಡಿದನು. ಯಕೃತ್ತಿನ ಎಣ್ಣೆಗಾಗಿ, ಮಾಂಸಕ್ಕಾಗಿ ಗುಜರಾತಿನ ಕರಾವಳಿಯಲ್ಲಿ ಶಾರ್ಕುಗಳನ್ನು ಕೊಂದರು. ಚಹಾ, ನೀಲಗಿರಿ ಮರಗಳ ತೋಪುಗಳು ಬೆಳೆದಂತೆ ಥಾರ್‌ನ ಹುಲ್ಲುಗಾವಲು ಕಿರಿದಾಯಿತು. ಕೇರಳದ ಎರವಿಕುಲಂ 1978ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಥಾರ್‌ಗೆ ಆಸರೆಯಾಯಿತು. 2001ರಲ್ಲಿ ತಿಮಿಂಗಿಲ ಶಾರ್ಕಿಗೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ದೊರೆಯಿತು. ಅನಂತರ ಗುಜರಾತಿನ ಬೆಸ್ತರು, ಬಲೆಗೆ ಸಿಕ್ಕಿದ ಶಾರ್ಕನ್ನು ಬಿಡಿಸಲು ಬೆಲೆಬಾಳುವ ಬಲೆಯನ್ನೇ ಕತ್ತರಿಸತೊಡಗಿದರು.

ಒಂದು ಜೀವಿಯ ಗಾತ್ರವಾಗಲಿ, ಅದು ಹೆರುವ ಮರಿಗಳ ಸಂಖ್ಯೆಯಾಗಲಿ ಅದರ ಉಳಿವಿಗೆ ಭರವಸೆಯಲ್ಲ. ಹುಟ್ಟಿದ್ದು ಬೆಳೆದು ಮತ್ತೆ ಮರಿ ಹಾಕುವಷ್ಟು ಕಾಲ ಅದನ್ನು ಬದುಕಗೊಡಬೇಕು. ಬೆಟ್ಟಕ್ಕೂ ಕಡಲಿಗೂ ಈ ನಿಯಮ ಒಂದೇ.